ಪೇರ್ ಅಂದರೆ ಅಪ್ಪ

“ಈ ಇಂಗ್ಲಿಷಿನವರು ಅಪ್ಪನಿಗೆ ಹಾಲು ಅಂತ ಯಾಕೆ ಹೇಳುದು?”

ಗೋದಾವರಿ ಕೇಳಿದ್ದು ಯಾರನ್ನೂ ಅಲ್ಲ. ಅಡಿಗೆಮನೆಯಲ್ಲಿ ಅವಳನ್ನು ಬಿಟ್ಟರೆ ಇದ್ದದ್ದು ಹಪ್ಪಳಕ್ಕೆಂದು ಹಲಸಿನ ಸೊಳೆ ಬೇಯುತ್ತಿದ್ದ ಹಂಡೆ ಮತ್ತು ಒಲೆಯ ಬದಿಯಲ್ಲಿ ಸುರುಳಿಯಾಗಿ ಮಲಗಿದ್ದ ಬೆಕ್ಕು. ಹೊರಗೆ ಜಗಲಿಯಲ್ಲಿ ಏಳೆಂಟು ಮಕ್ಕಳು ಸಾಲಾಗಿ ಕುಳಿತು, ಸೊಸೆ ದೇವಕಿ ಹೇಳಿಕೊಟ್ಟದ್ದನ್ನು ಒಂದೇ ರಾಗದಲ್ಲಿ ಹೇಳುತ್ತಿದ್ದವು: “ಮೋಂ ಪೇರ್, ಮಾ ಮೇರ್, ಮೋಂ ಫ್ರೇರ್.” ಬೆನ್ನಿಗೆ ಅರ್ಥ: “ನನ್ನ ಅಪ್ಪ, ನನ್ನ ಅಮ್ಮ, ನನ್ನ ಅಣ್ಣ.”

ತುಳುವಿನಲ್ಲಿ ಪೇರ್ ಎಂದರೆ ಹಾಲು. ಮೇರ್ ಎಂದರೆ ‘ಇವರು’, ಹೆಂಗಸರು ಗಂಡನ ಹೆಸರೆತ್ತದೆ ಅವನನ್ನು ತೋರಿಸುವ ಮಾತು. ಗೋದಾವರಿಯ ಮನೆಮಾತು ಕನ್ನಡವಾದರೂ ಅಂಗಳ ದಾಟಿದರೆ ಎಲ್ಲರೊಡನೆಯೂ ತುಳುವೇ. ಹಾಗಾಗಿ ಅವಳ ಕಿವಿಗೆ ಅಪ್ಪ ಹಾಲಾದ, ಅಮ್ಮ ಗಂಡಸಾದಳು. ಅವಳಿಗೆ ಓದು ಬರಹ ಬಾರದು. ಆದರೆ ಗಂಡ ತಿರುಮಲೇಶ್ವರ ಭಟ್ಟರು ಮೂವತ್ತು ವರ್ಷಗಳಿಂದ ದೀಪ ಹಚ್ಚುವ ಹೊತ್ತಿಗೆ ಕಾವ್ಯ ಓದುತ್ತ ಬಂದಿದ್ದರು. ಕಂಬಕ್ಕೆ ಒರಗಿ, ಕೈಮುಗಿದು ಕೇಳಿದ ಅಷ್ಟೂ ಪದ್ಯಗಳು ಅವಳ ಬಾಯಲ್ಲಿದ್ದವು. ಭಟ್ಟರು ಒಂದು ಸಾಲು ಹಾರಿಸಿದರೆ ಅವಳು ಮೆಲ್ಲನೆ ಕೆಮ್ಮುವಳು. ಭಟ್ಟರು ಹಿಂದೆ ಹೋಗಿ ಓದುವರು.

“ದೇವಕೀ, ಸೊಳೆ ಬೆಂದಿತು. ಗುದ್ದುದು ಯಾರು? ನಾನಾ, ನಿನ್ನ ಇಂಗ್ಲಿಷಾ?”

“ಬಂದೆ ಅತ್ತೆ. ಮಕ್ಕಳನ್ನು ಮನೆಗೆ ಕಳಿಸಿ ಬಂದೆ.”

ದೇವಕಿ ಸೆರಗು ಸಿಕ್ಕಿಸಿಕೊಂಡು ಒನಕೆ ಹಿಡಿದಳು. ಗೋದಾವರಿ ಒರಳಿಗೆ ಸೊಳೆ ಸುರಿಯುತ್ತ ಅಂದಳು, “ಅಪ್ಪನಿಗೆ ಪೇರ್ ಅಂತ ಕಲಿಸ್ತಿಯಲ್ಲ ಮಾರಾಯ್ತಿ, ಯಾವುದಾದರೂ ಹುಡುಗ ಮನೆಗೆ ಹೋಗಿ ಅಪ್ಪನನ್ನು ಕಾಸಿ ಕುಡಿದಾನು.”

ನಗಬೇಕಾದ ಮಾತು. ದೇವಕಿ ನಗಲಿಲ್ಲ. “ಅದು ಹಾಗೆಯೇ ಅತ್ತೆ. ಅಲ್ಲಿಯ ಮಾತು ಹಾಗೆ,” ಎಂದು ಬಾಗಿಲ ಕಡೆ ನೋಡಿದಳು.

“ಒನ್ನು, ಟೂ ಯಾಕೆ ಹೇಳಿಸುದಿಲ್ಲ? ಅದಾದರೆ ನನಗೂ ಬರ್ತದೆ.”

“ಲೆಕ್ಕ ಇವರೇ ಹೇಳಿಸ್ತಾರೆ.”

ಇವರು ಎಂದರೆ ಯಜ್ಞೇಶ್ವರ, ಗೋದಾವರಿಯ ಒಬ್ಬನೇ ಮಗ. ಕೋಡಿಂಬಾಳದಿಂದ ಎರಡು ಮೈಲಿ ಒಳಗೆ ಕುಶಾಲಪ್ಪ ಗೌಡರು ತಮ್ಮ ಜಾಗದಲ್ಲಿ ಕಟ್ಟಿಸಿದ ಶಾಲೆಯಲ್ಲಿ ಅವನೇ ಮಾಷ್ಟ್ರು, ಅವನೇ ಹೆಡ್‌ಮಾಷ್ಟ್ರು. ಕಳೆದ ಜೂನಿನಲ್ಲಿ ಗೌಡರು ಮೇಲಿನ ಕ್ಲಾಸಿನ ಮಕ್ಕಳಿಗೆ ಇಂಗ್ಲಿಷ್ ಬೇಕೇ ಬೇಕು ಎಂದು ಹಟ ಹಿಡಿದಾಗ ಯಜ್ಞೇಶ್ವರ, “ನಮ್ಮ ಮನೆಯಲ್ಲೇ ಪರಂಗಿ ಶಾಲೆಯಲ್ಲಿ ಕಲಿತವಳು ಇದ್ದಾಳೆ,” ಎಂದಿದ್ದ. ದೇವಕಿ ಹುಟ್ಟಿ ಬೆಳೆದದ್ದು ಕಾಸರಗೋಡಿನಿಂದ ತೆಂಕಕ್ಕೆ, ಕಡಲ ಬದಿಯ ಮಾಹೆಯಲ್ಲಿ. ಅವಳ ಅಪ್ಪ ಅಲ್ಲಿ ಕಾಫಿ ಹೋಟೆಲು ನಡೆಸುತ್ತಿದ್ದವರು. ಐವತ್ತನಾಲ್ಕರಲ್ಲಿ ಮಾಹೆಯ ದೊರೆಗಳು ಗಂಟುಮೂಟೆ ಕಟ್ಟಿದಾಗ ಅವರೂ ಹೋಟೆಲು ಮುಚ್ಚಿ ಕಾಸರಗೋಡಿಗೆ ಬಂದರು. ಮರುವರ್ಷವೇ ಮಗಳ ಮದುವೆ.

ಸೊಸೆ ಟೀಚರಮ್ಮನಾದ ಮೇಲೆ ಗೋದಾವರಿಗೆ ಮಧ್ಯಾಹ್ನದ ಅಡಿಗೆ ತಿರುಗಿ ಗಂಟುಬಿತ್ತು. ಗಂಜಿ ಬಸಿಯುವಾಗ ಸೊಂಟ ಹಿಡಿದುಕೊಂಡು ಗೊಣಗುವಳು. ಆದರೆ ಬಾವಿಕಟ್ಟೆಯಲ್ಲಿ ನಾಲ್ಕು ಹೆಂಗಸರು ಸೇರಿದರೆ ಅವಳ ಸ್ವರವೇ ಬೇರೆ: “ನಮ್ಮ ದೇವಕಿಯ ಇಂಗ್ಲಿಷು ಬಾಯಿಂದ ಬರುದಲ್ಲ, ಮೂಗಿನಿಂದ. ಅಚ್ಚ ದೊರೆಗಳದ್ದು.”

ಹದಿನೈದು ದಿನ ಕಳೆದು, ಒಂದು ಶನಿವಾರ, ಸುಲೈಮಾನ್ ಬ್ಯಾರಿ ಕರಿಮೆಣಸು ಕೊಳ್ಳಲು ಬಂದ. ಗೋದಾವರಿ ಜಗಲಿಯಲ್ಲಿ ಮೆಣಸನ್ನು ಸೇರಿನಿಂದ ಅಳೆದು ಅವನ ಗೋಣಿಗೆ ಹಾಕುತ್ತಿದ್ದಳು. ಅರ್ಧ ದಿನದ ಶಾಲೆ ಮುಗಿಸಿ ದೇವಕಿ ಬಂದಳು. ಹಿಂದೆಯೇ ಬಂದ ಮಕ್ಕಳು ಬೇಲಿಯ ದಣಪೆಯ ಹತ್ತಿರ ನಿಂತು ಒಟ್ಟಾಗಿ ಕೂಗಿದವು, “ಬೋಂ ಜೂರ್, ಮದಾಮ್!”

ಸುಲೈಮಾನ್ ಗೋಣಿಯ ಬಾಯಿ ಬಿಟ್ಟು ಎದ್ದೇ ನಿಂತ. “ಎಲಾ! ಎಷ್ಟು ವರ್ಷ ಆಯ್ತು ಈ ಮಾತು ಕೇಳದೆ! ಬೋಂ ಜೂರ್, ಮಕ್ಕಳೇ, ಬೋಂ ಜೂರ್!”

“ನಿಮಗೂ ಇಂಗ್ಲಿಷ್ ಬರ್ತದಾ ಬ್ಯಾರಿಗಳೇ?” ಗೋದಾವರಿಗೆ ಖುಷಿಯೇ ಆಯಿತು.

“ಇಂಗ್ಲಿಷು ಎಲ್ಲಿಂದ ಅಮ್ಮಾ! ಇದು ಮಾಹೆಯ ಫ್ರೆಂಚಿ. ನಾನು ಅಲ್ಲಿ ಬಂದರದಲ್ಲಿ ಮೂರು ವರ್ಷ ಮೂಟೆ ಹೊತ್ತವ. ಬೆಳಿಗ್ಗೆ ಪೋಲೀಸಿನವ ಎದುರು ಸಿಕ್ಕಿದಾಗ ಬೋಂ ಜೂರ್ ಅನ್ನದಿದ್ದರೆ ಆ ದಿನ ನಮ್ಮ ಮೂಟೆ ಇಳಿಯುದಿಲ್ಲ.”

“ಎರಡೂ ಒಂದೇ ಅಲ್ಲವಾ?”

“ಒಂದೇ ಹೇಗಾಗ್ತದೆ? ಇಂಗ್ಲಿಷಿನವ ಗುಡ್ ಮಾರ್ನಿಂಗು ಅಂತಾನೆ. ಅವ ಬೇರೆ ದೊರೆ, ಇವ ಬೇರೆ ದೊರೆ. ಒಬ್ಬನ ಮಾತು ಇನ್ನೊಬ್ಬನಿಗೆ ತಿಳಿಯುದಿಲ್ಲ.”

ಗೋದಾವರಿಯ ಕೈಯಲ್ಲಿದ್ದ ಸೇರು ವಾಲಿತು. ಮೆಣಸು ಜಗಲಿಯ ತುಂಬ ಸಿಡಿದು, ಮೆಟ್ಟಿಲಿನಿಂದ ಮೆಟ್ಟಿಲಿಗೆ ಉರುಳಿ ಅಂಗಳಕ್ಕೆ ಇಳಿಯಿತು. ಆರಿಸಲು ಅವಳು ಬಗ್ಗಲಿಲ್ಲ. ಸುಲೈಮಾನನೇ ಕುಕ್ಕರುಗಾಲಲ್ಲಿ ಕುಳಿತು ಒಟ್ಟುಮಾಡತೊಡಗಿದ.

ಒಳಗೆ ದೇವಕಿ ಕೈಕಾಲು ತೊಳೆದು ಒಲೆಯ ಮುಂದೆ ನಿಂತಿದ್ದಳು. ಹೊರಗಿನ ಮಾತು ಅವಳಿಗೂ ಕೇಳಿತ್ತು.

“ಬ್ಯಾರಿ ಹೇಳುದು ಹೌದಾ?”

“ಹೌದು ಅತ್ತೆ.”

“ನೀನು ಇಷ್ಟು ದಿನ ಕಲಿಸಿದ್ದು ಇಂಗ್ಲಿಷ್ ಅಲ್ಲ?”

“ಅಲ್ಲ. ನನಗೆ ಇಂಗ್ಲಿಷ್ ಬರುದೇ ಇಲ್ಲ.”

“ಅಯ್ಯೋ ರಾಮ! ನಲವತ್ತು ಮಕ್ಕಳು! ಒಂದು ವರ್ಷ! ಯಜ್ಞನಿಗೆ ಗೊತ್ತಾದರೆ ನಿನ್ನನ್ನು ಇಟ್ಟುಕೊಳ್ತಾನಾ?”

“ಇವರಿಗೆ ಗೊತ್ತುಂಟು,” ಎಂದಳು ದೇವಕಿ. “ಸುರುವಿನಿಂದಲೇ.”

ಗೋದಾವರಿ ಅಲ್ಲಿದ್ದ ಮಣೆಯ ಮೇಲೆ ಕುಳಿತುಬಿಟ್ಟಳು. ಸೊಸೆ ಕೆಟ್ಟವಳು ಎಂದು ಯಾರಾದರೂ ಹೇಳಿದ್ದರೆ ಅದನ್ನು ಹೇಗಾದರೂ ಹೊತ್ತುಕೊಳ್ಳುತ್ತಿದ್ದಳು. ಈ ಮಾತನ್ನು ಎಲ್ಲಿ ಇಳಿಸಬೇಕೆಂದೇ ತಿಳಿಯಲಿಲ್ಲ.

ಮಗ ಊಟಕ್ಕೆ ಬಂದ. ಅಪ್ಪ, ಮಗ ಇಬ್ಬರೂ ಎಲೆಯ ಮುಂದೆ ಕುಳಿತರು. ಬಸಳೆಯ ಹುಳಿ ಬಡಿಸುತ್ತಿದ್ದ ಗೋದಾವರಿಯ ಸೌಟು ಮಗನ ಎಲೆಯ ಮೇಲೆ ತಡೆದು ನಿಂತಿತು.

“ಯಜ್ಞ, ಪೇರ್ ಅಂದರೆ ಎಂತ?”

ಅವನು ತಲೆಯೆತ್ತಿದ. ಅಮ್ಮನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. “ಯಾರು ಹೇಳಿದ್ದು?”

“ಸುಲೈಮಾನ್ ಬ್ಯಾರಿ. ಯಾರು ಹೇಳಿದ್ದು ಅಂತ ಕೇಳ್ತಿ. ಸುಳ್ಳಾ ಅಂತ ಕೇಳುದಿಲ್ಲ!”

“ಅಮ್ಮ, ನಿನಗೆ ಇದೆಲ್ಲ ಅರ್ಥ ಆಗುದಿಲ್ಲ. ಗೌಡರು ಇಂಗ್ಲಿಷ್ ಇಲ್ಲದಿದ್ದರೆ ಬೇರೆ ಮಾಷ್ಟ್ರನ್ನು ತರ್ತೇನೆ ಅಂದರು. ಬರುವವ ನನಗಿಂತ ಹೆಚ್ಚು ಕಲಿತವ. ಮತ್ತೆ ನಾನು ಎಲ್ಲಿಗೆ? ಅಕ್ಷರ ಎಲ್ಲ ಅದೇ ಅಲ್ಲವಾ, ಪುಸ್ತಕ ತಂದುಕೊಟ್ಟರೆ ಇವಳು ಎರಡು ತಿಂಗಳಲ್ಲಿ ಕಲೀತಾಳೆ ಅಂತ ಎಣಿಸಿದೆ.”

“ಅಕ್ಷರ ಅದೇ. ಬಾಯಿಗೆ ಬರುದು ಬೇರೆ,” ಎಂದಳು ದೇವಕಿ, ಬಾಗಿಲ ಮರೆಯಿಂದ. “ನಾನು ಬೇಡ ಅಂದೆ. ನೀವೇ, ಮಕ್ಕಳಿಗೆ ವ್ಯತ್ಯಾಸ ಎಂತ ಗೊತ್ತು, ನಿನಗೆ ಬರುದನ್ನು ಕಲಿಸು ಅಂದಿರಿ.”

“ನೀನು ಬಾಯಿ ಮುಚ್ಚು.”

“ಅವಳು ಯಾಕೆ ಮುಚ್ಚುದು?” ಗೋದಾವರಿ ಸೌಟನ್ನು ಪಾತ್ರೆಗೆ ಕುಕ್ಕಿದಳು. “ಅವಳ ಅಪ್ಪ ಕಾಸರಗೋಡಿನ ಜಗಲಿಯಲ್ಲಿ ಹೇಳಿದ್ದು ನಾನು ಕೇಳಿದ್ದೇನೆ. ಹುಡುಗಿ ಫ್ರೆಂಚಿ ಶಾಲೆಯಲ್ಲಿ ಐದನೇ ಕ್ಲಾಸು ಕಲಿತಿದ್ದಾಳೆ ಅಂದರು. ಫ್ರೆಂಚಿ ಅಂದರೆ ಎಂತ ಅಂತ ನಿನ್ನ ಕೈಯಲ್ಲೇ ಕೇಳಿದೆ. ಎಲ್ಲ ಪರಂಗಿಯೇ ಅಮ್ಮ, ಇಂಗ್ಲಿಷ್ ಇದ್ದ ಹಾಗೆ ಅಂದವ ನೀನು!”

“ಆಯ್ತು. ಈಗ ಎಂತ ಮಾಡುದು? ನೀನು ಸುಮ್ಮನಿದ್ದರೆ ಎಲ್ಲ ಸರಿ ಉಂಟು. ಬ್ಯಾರಿ ಇನ್ನು ಮಳೆಗಾಲ ಕಳೆಯದೆ ಇತ್ತ ಬರುದಿಲ್ಲ. ಅಷ್ಟರಲ್ಲಿ ಏನಾದರೂ ದಾರಿ ಮಾಡ್ತೇನೆ. ಸುಮ್ಮನಿರು ಅಮ್ಮ.”

ತಿರುಮಲೇಶ್ವರ ಭಟ್ಟರು ಅಷ್ಟು ಹೊತ್ತೂ ಅನ್ನ ಕಲಸುತ್ತಲೇ ಇದ್ದರು. ಈಗ ಅಂದರು, “ಮಿಡಿ ಉಪ್ಪಿನಕಾಯಿ ಇದ್ದರೆ ಹಾಕು.”

ಗೋದಾವರಿ ಉಪ್ಪಿನಕಾಯಿ ಹಾಕಿದಳು. ಸುಮ್ಮನೂ ಆದಳು.

ಏಪ್ರಿಲ್ ಕಳೆಯಿತು. ಬಾವಿಕಟ್ಟೆಯಲ್ಲಿ ಅವಳು ಸೊಸೆಯ ಮಾತೆತ್ತಲಿಲ್ಲ. ಜಗಲಿಯಲ್ಲಿ ಮಕ್ಕಳ ಪಾಠ ಸುರುವಾದರೆ ಒರಳಿನ ಶಬ್ದ ಜೋರು ಮಾಡುವಳು. ಆದರೂ ಅದು ಕಿವಿಗೆ ಇಳಿದು ನಿಲ್ಲುತ್ತಿತ್ತು. ಒಂದು ಸಂಜೆ ಭಟ್ಟರು ಓದುವಾಗ ಎರಡು ಸಾಲು ಹಾರಿತು. ಅವಳು ಕೆಮ್ಮಲಿಲ್ಲ. ಭಟ್ಟರು ಪುಸ್ತಕದಿಂದ ಕಣ್ಣೆತ್ತಿ ಅವಳನ್ನು ನೋಡಿ, ತಾವೇ ಹಿಂದೆ ಹೋಗಿ ಓದಿದರು.

ಮೇ ತಿಂಗಳ ಕೊನೆಯಲ್ಲಿ ಗೌಡರ ಮಗಳು ಕಮಲಾವತಿ ಒಂದು ಬಾಳೆಲೆಯಲ್ಲಿ ಮಲ್ಲಿಗೆ ಕಟ್ಟಿಕೊಂಡು ಬಂದಳು. ಹನ್ನೊಂದು ವರ್ಷದ ಹುಡುಗಿ, ಕ್ಲಾಸಿಗೇ ಮೊದಲನೆಯವಳು.

“ಟೀಚರಿಗೆ ಕೊಡಿ ಅಮ್ಮಾ. ನಾಡಿದ್ದು ನಾನು ಪುತ್ತೂರಿಗೆ ಪರೀಕ್ಷೆಗೆ ಹೋಗ್ತೇನೆ. ಹೈಸ್ಕೂಲಿಗೆ ಸೇರಲಿಕ್ಕೆ. ಇಂಗ್ಲಿಷಿನಲ್ಲಿ ಕೇಳ್ತಾರಂತೆ. ನನಗೆ ಎಲ್ಲ ಬಾಯಿಪಾಠ ಉಂಟು.”

“ಎಲ್ಲ ಬರ್ತದಾ ಮಗಾ?”

“ಎಲ್ಲ! ಹೇಳಲಾ?” ಹುಡುಗಿ ಕೈಕಟ್ಟಿ ನಿಂತು, ಉಸಿರು ಬಿಡದೆ, ಮೂಗಿನಿಂದ, ಒಂದು ಅಕ್ಷರ ತಪ್ಪದೆ ಒಪ್ಪಿಸಿದಳು.

ಗೋದಾವರಿಯ ಬಾಯಿ ತೆರೆಯಿತು. ‘ಮಗಾ, ಅದು ಇಂಗ್ಲಿಷ್ ಅಲ್ಲ’ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಒಳಗಿನಿಂದ ಯಜ್ಞೇಶ್ವರ ಕೆಮ್ಮಿದ. ಅವಳು ಒಳಹೋಗಿ ನಾಲ್ಕು ಹಸಿ ಹಪ್ಪಳ ತಂದು ಹುಡುಗಿಯ ಕೈಗಿಟ್ಟಳು. “ಸುಟ್ಟು ತಿನ್ನು,” ಎಂದಳು.

ಆರನೆಯ ದಿನ ಬೆಳಿಗ್ಗೆ, ಎಲ್ಲರೂ ನೀರುದೋಸೆ ತಿನ್ನುತ್ತಿರುವಾಗ, ಕುಶಾಲಪ್ಪ ಗೌಡರು ಅಂಗಳಕ್ಕೆ ಬಂದು ನಿಂತರು. ಯಾವಾಗಲೂ ದಣಪೆಯಿಂದಲೇ “ಭಟ್ರು ಇದ್ದೀರಾ?” ಎಂದು ಕರೆಯುವವರು ಇಂದು ಕರೆಯಲಿಲ್ಲ. ಜಗಲಿಗೆ ಹತ್ತಲಿಲ್ಲ. ಚಾಪೆ ಹಾಕಿದರೂ ಕೂರಲಿಲ್ಲ.

“ಮಾಷ್ಟ್ರೇ, ನಾನು ಹಾಲು ಮಾರುವವನಾ?”

ಯಜ್ಞೇಶ್ವರ ಕೈ ತೊಳೆಯದೆ ಎದ್ದು ಬಂದ. “ಎಂತ ಗೌಡರೇ, ಕೂತ್ಕೊಳ್ಳಿ...”

“ಕೂರುದಿಲ್ಲ. ಪುತ್ತೂರಿನಲ್ಲಿ ನಮ್ಮ ಕಮಲಾವತಿಯ ಹತ್ತಿರ ನಿನ್ನ ಅಪ್ಪನ ಹೆಸರೆಂತ ಅಂತ ಇಂಗ್ಲಿಷಿನಲ್ಲಿ ಕೇಳಿದರಂತೆ. ಅವಳಿಗೆ ಒಂದೂ ತಿಳಿಯಲಿಲ್ಲ. ಕೇಳಿದ್ದು ಅಪ್ಪ ಅಮ್ಮನ ವಿಷಯವೇ ಇರಬೇಕು ಅಂತ, ನೀವು ಕಲಿಸಿದ್ದು ಉಂಟಲ್ಲ, ಮೋಂ ಪೇರ್ ಕುಶಾಲಪ್ಪ ಅಂದಳಂತೆ. ಅಲ್ಲಿದ್ದ ಮಾಷ್ಟ್ರು ನಮ್ಮ ಕಡೆಯವರೇ. ಪೇರ್? ನಿನ್ನ ಅಪ್ಪ ಹಾಲು ಮಾರುದಾ ಅಂತ ಕೇಳಿದರು. ಕೋಣೆಯಿಡೀ ನಗೆ! ಅವಳು ಮತ್ತೂ ಹೇಳಿದಳು. ಕಲಿತದ್ದೆಲ್ಲ ಹೇಳಿದಳು. ಕೈಕಟ್ಟಿ ನಿಂತು! ನಗು ನಿಲ್ಲಲೇ ಇಲ್ಲ.” ಗೌಡರು ಹೆಗಲ ವಸ್ತ್ರದಿಂದ ಮುಖ ಒರಸಿಕೊಂಡರು. “ತೆಗೆದುಕೊಳ್ಳಲಿಲ್ಲ. ಬರುವ ವರ್ಷ ಬಾ ಅಂದರು. ಮೂರು ದಿನ ಆಯ್ತು, ಹುಡುಗಿ ಒಂದು ತುತ್ತು ಬಾಯಿಗೆ ಹಾಕಲಿಲ್ಲ. ಇನ್ನು ಶಾಲೆಗೇ ಹೋಗುದಿಲ್ಲ ಅಂತ ಕೂತಿದ್ದಾಳೆ. ಎಂತ ಕಲಿಸಿದಿರಿ ನೀವು ನಮ್ಮ ಮಕ್ಕಳಿಗೆ?”

ದೇವಕಿ ಹೊರಗೆ ಬಂದಳು. ಕೈಗೆ ದೋಸೆಹಿಟ್ಟು ಅಂಟಿತ್ತು. “ಗೌಡರೇ, ಅದು ಫ್ರೆಂಚ್...” ಎಂದಳು.

“ನಮಗೂ ಮೋಸ ಆಗಿದೆ ಗೌಡರೇ!” ಯಜ್ಞೇಶ್ವರನ ದನಿ ಅವಳ ಮಾತಿನ ಮೇಲೆ ಬಿತ್ತು. “ಇವಳ ಅಪ್ಪ ಇಂಗ್ಲಿಷ್ ಶಾಲೆ ಅಂತ ಹೇಳಿಯೇ ಇವಳನ್ನು ಕೊಟ್ಟದ್ದು. ನನಗಾದರೂ ಎಂತ ಗೊತ್ತು? ನಿನ್ನೆ ಮೊನ್ನೆ ತಿಳಿದದ್ದು. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.”

ಗೋದಾವರಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಮಗ ಚಿಕ್ಕಂದಿನಲ್ಲಿ ಬೆಲ್ಲ ಕದ್ದು ಸುಳ್ಳು ಹೇಳಿದ್ದುಂಟು. ಅದು ಬಾಯಿಗೆ ಅಂಟಿದ ಬೆಲ್ಲದೊಡನೆ ಹೇಳಿದ ಸುಳ್ಳು, ನೋಡಿದರೆ ನಗು ಬರುತ್ತಿತ್ತು. ಇದು ಹಗಲು ಬೆಳಕಿನಲ್ಲಿ, ಹೆಂಡತಿ ಪಕ್ಕದಲ್ಲಿ ನಿಂತಿರುವಾಗ, ತಡವರಿಸದೆ ಬಂದ ಮಾತು. ದೇವಕಿ ಗಂಡನನ್ನು ನೋಡಿದಳು. ಅಳಲಿಲ್ಲ. ಹಿಟ್ಟಿನ ಕೈಯನ್ನು ಹಾಗೆಯೇ ಹಿಡಿದುಕೊಂಡು ಒಳಗೆ ಹೋದಳು.

ಗೌಡರು ಅವಳು ಹೋದ ಬಾಗಿಲನ್ನು ನೋಡಿದರು. ಮತ್ತೆ ಅಂದರು, “ಸೋಮವಾರ ಶಾಲೆಗೆ ಇನ್ಸ್‌ಪೆಕ್ಟ್ರು ಬರ್ತಾರೆ. ಮೋಸ ಮಾಡಿದ್ದು ಆ ಹೆಂಗಸೊಬ್ಬಳೇ ಅಂತಾದರೆ ನಿಮ್ಮ ಕೆಲಸಕ್ಕೆ ನಾನು ಕೈ ಹಾಕುದಿಲ್ಲ. ಆದರೆ ನಿಮ್ಮ ಮಾತು ನನಗೆ ಸಾಲದು. ನಿಮ್ಮ ಅಮ್ಮ ಬಂದು ಹೇಳಲಿ. ಅವರು ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳುವವರು, ಊರಿಗೇ ಗೊತ್ತುಂಟು.”

ಆ ನಾಲ್ಕು ದಿನ ಯಜ್ಞೇಶ್ವರನಷ್ಟು ಒಳ್ಳೆಯ ಮಗ ಕೋಡಿಂಬಾಳದಲ್ಲಿ ಇನ್ನೊಬ್ಬ ಇರಲಿಲ್ಲ. ಕಡಬದಿಂದ ಕಾಫಿಪುಡಿ ತಂದ. ಅಮ್ಮನ ಸೊಂಟಕ್ಕೆ ಎಣ್ಣೆ ತಂದ. ಬಾವಿಯಿಂದ ನೀರು ಸೇದಿ ಹಂಡೆ ತುಂಬಿಸಿದ.

“ನಾಲ್ಕು ಮಾತು ಅಮ್ಮ. ಅಷ್ಟೇ. ಹುಡುಗಿ ಇಂಗ್ಲಿಷ್ ಕಲಿತಿದ್ದಾಳೆ ಅಂತ ಬೀಗರು ಹೇಳಿದರು ಅಂತ ಹೇಳು. ಇವಳು ಸ್ವಲ್ಪ ದಿನ ಕಾಸರಗೋಡಿನಲ್ಲಿ ಇರಲಿ. ಎಲ್ಲ ತಣ್ಣಗಾದ ಮೇಲೆ ಕರ್ಕೊಂಡು ಬರ್ತೇನೆ.”

“ಮೋಸಗಾರನ ಮಗಳು ಅಂತ ಹೆಸರಾದವಳನ್ನು ಯಾವಾಗ ಕರ್ಕೊಂಡು ಬರುದು? ದಿನ ಹೇಳು.”

ಅವನು ಕೊಡ ಎತ್ತಿಕೊಂಡು ಬಾವಿಗೆ ನಡೆದ.

ಭಟ್ಟರು ತಾಂಬೂಲ ಹಾಕಿಕೊಳ್ಳುತ್ತ ಅಂದರು, “ಅವನ ಕೆಲಸ ಹೋದರೆ ನಾಲ್ಕು ಹೊಟ್ಟೆಗೆ ದಾರಿ ಏನು, ಅದನ್ನೂ ಯೋಚಿಸು. ನನ್ನ ಕಾವ್ಯದ ಓದಿಗೆ ಈಗ ಯಾವ ಮನೆಯವರು ಕರೀತಾರೆ?”

“ಯೋಚಿಸಿದ್ದೇನೆ. ಅದೇ ನನಗೆ ಊಟ ಸೇರದೆ ಇರುದು.”

ಆದಿತ್ಯವಾರ ಅತ್ತೆ ಸೊಸೆ ಕೊನೆಯ ಹಪ್ಪಳದ ಉಂಡೆ ಕಟ್ಟುತ್ತಿದ್ದರು. ದೇವಕಿ ಒಂದು ಉಂಡೆ ಮಣೆಯ ಮೇಲಿಟ್ಟು ಹೇಳಿದಳು, “ಅತ್ತೆ, ನನ್ನನ್ನು ಏನು ಬೇಕಾದರೂ ಹೇಳಿ. ತಪ್ಪು ನನ್ನದೂ ಉಂಟು. ಸಾಧ್ಯ ಇಲ್ಲ ಅಂತ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಆ ಹುಡುಗಿ ನಿತ್ಯ ನನ್ನ ಬಾಯಿಯನ್ನೇ ನೋಡಿಕೊಂಡು ಕೂರ್ತಿತ್ತು. ಆದರೆ ನನ್ನ ಅಪ್ಪ ಸುಳ್ಳು ಹೇಳಿದರು ಅಂತ ಮಾತ್ರ ಹೇಳಬೇಡಿ. ಅವರು ಹೇಳಲಿಲ್ಲ.”

“ಒತ್ತು,” ಎಂದಳು ಗೋದಾವರಿ. “ಉಂಡೆ ಒಣಗ್ತದೆ.”

ಸೋಮವಾರ ಒಂಬತ್ತು ಗಂಟೆಗೆ ಗೌಡರ ಎತ್ತಿನ ಗಾಡಿ ದಣಪೆಯ ಹೊರಗೆ ಬಂದು ನಿಂತಿತು. ಗೋದಾವರಿ ಮಿಂದು, ಮಡಿಕೆ ಬಿಚ್ಚಿದ ಸೀರೆಯುಟ್ಟು, ದೇವರಿಗೆ ಕೈಮುಗಿದು ಜಗಲಿಗೆ ಬಂದಳು. ಮಗನ ಮುಖ ಅರಳಿತು.

“ಹೇಳಬೇಕಾದ್ದು ನೆನಪುಂಟಲ್ಲ ಅಮ್ಮ?”

“ಎಲ್ಲ ನೆನಪುಂಟು. ಬೀಗರು ಹೇಳಿದ್ದು, ನೀನು ಹೇಳಿದ್ದು, ಬ್ಯಾರಿ ಹೇಳಿದ್ದು. ನಾನು ಬಾಯಿಮುಚ್ಚಿ ಆ ಹುಡುಗಿಯ ಕೈಗೆ ಹಪ್ಪಳ ಕೊಟ್ಟದ್ದೂ ನೆನಪುಂಟು. ಅಷ್ಟೂ ಹೇಳ್ತೇನೆ.”

ಯಜ್ಞೇಶ್ವರ ಮೆಟ್ಟಿಲಲ್ಲಿ ನಿಂತುಬಿಟ್ಟ. “ಅಮ್ಮ, ನಾನು ನಿನ್ನ ಮಗ.”

“ಹೌದು.”

“ನನ್ನ ಕೆಲಸ ಹೋಗ್ತದೆ. ನಾಳೆಯಿಂದ ಈ ಊರಿನಲ್ಲಿ ನಾನು ಹೇಗೆ ತಲೆಯೆತ್ತಿ ನಡೆಯುದು?”

ಅವಳ ಕಣ್ಣು ತುಂಬಿಬಂದಿತ್ತು. ಸೆರಗಿನಿಂದ ಒರಸಿಕೊಂಡು ಗಾಡಿಯ ಕಡೆ ನೋಡಿದಳು.

ಅವನು ಒಂದು ಮೆಟ್ಟಿಲು ಮೇಲೆ ಬಂದ. ದನಿ ತಗ್ಗಿಸಿದ. “ಆಯ್ತು. ಸುಳ್ಳು ಹೇಳುದು ಬೇಡ. ಬರುದೂ ಬೇಡ. ಒಳಗೆ ಹೋಗಿ ಮಲಗು. ಅಮ್ಮನಿಗೆ ಜ್ವರ ಅಂತ ನಾನು ಹೇಳ್ತೇನೆ. ನೀನು ಬಾಯಿ ತೆರೆಯುದೇ ಬೇಡ. ಅಷ್ಟು ಮಾತ್ರ ಮಾಡು. ನಿನ್ನ ಕಾಲಿಗೆ ಬೀಳ್ತೇನೆ.” ಹೇಳಿದ ಹಾಗೆಯೇ ಬಾಗಿ ಅವಳ ಪಾದದ ಮೇಲೆ ಕೈಯಿಟ್ಟ.

ಹೊಸ್ತಿಲ ಒಳಗೆ ದೇವಕಿ ನಿಂತಿದ್ದಳು. ಭಟ್ಟರು ಕಂಬದ ಬದಿಯಲ್ಲಿ ಜಗಿಯುವುದನ್ನು ನಿಲ್ಲಿಸಿದ್ದರು. ಗೋದಾವರಿ ಬಗ್ಗಿ, ಮಗನ ಕೈಗಳನ್ನು ಒಂದೊಂದಾಗಿ ಪಾದದಿಂದ ಬಿಡಿಸಿದಳು.

“ಇಲ್ಲ ಮಗಾ,” ಎಂದಳು. “ಮಲಗುದಿಲ್ಲ.”